ಕರುಳಿನ ಸಿ.ಟಿ. ಪರೀಕ್ಷೆ: ಹಿಂದಿನ ದಿನದ ಅಡುಗೆಮನೆಯಿಂದ ಕೈಗೆ ಬರುವ ರಿಪೋರ್ಟಿನವರೆಗೆ

ದೊಡ್ಡ ಕರುಳಿನ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೂ ಅದನ್ನು ತಿಂಗಳುಗಟ್ಟಲೆ ಕಪಾಟಿನಲ್ಲಿ ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳ. ದುಡ್ಡೊಂದೇ ಕಾರಣವಲ್ಲ. ಹಿಂಬದಿಯಿಂದ ಏನೋ ಹಾಕುತ್ತಾರಂತೆ ಎಂಬ ನಾಚಿಕೆ, ನೋವಾದರೆ ಎಂಬ ಹೆದರಿಕೆ, ಏನಾದರೂ ಕಂಡುಬಿಟ್ಟರೆ ಎಂಬ ದಿಗಿಲು, ಈ ಮೂರೂ ಸೇರಿ ಕಾಲು ಹಿಂದಕ್ಕೆ ಎಳೆಯುತ್ತವೆ. ಮಾತ್ರೆಯಲ್ಲೋ ಮನೆಮದ್ದಿನಲ್ಲೋ ದಿನ ದೂಡುತ್ತೇವೆ.

ಇತ್ತೀಚೆಗೆ ಕೆಲವರ ಚೀಟಿಯಲ್ಲಿ ‘ಸಿ.ಟಿ. ಕೊಲೊನೋಗ್ರಫಿ’ ಅಥವಾ ‘ವರ್ಚುವಲ್ ಕೊಲೊನೋಸ್ಕೋಪಿ’ ಎಂಬ ಹೆಸರು ಕಾಣುತ್ತದೆ. ಮಂಗಳೂರಿನ ಆಸ್ಪತ್ರೆಗಳಿಗೆ ನಗರದವರಷ್ಟೇ ಅಲ್ಲ, ಪುತ್ತೂರು, ಸುಳ್ಯ, ಬೆಳ್ತಂಗಡಿ, ಕಾಸರಗೋಡು, ಚಿಕ್ಕಮಗಳೂರಿನ ಕಡೆಯವರೂ ಬರುತ್ತಾರೆ. ದೂರದಿಂದ ಬಂದು, ಹೊಟ್ಟೆ ಸರಿಯಾಗಿ ಖಾಲಿಯಾಗಿಲ್ಲವೆಂದು ಪರೀಕ್ಷೆ ಮುಗಿಯದೆ ವಾಪಸಾಗುವ ಸಂಕಟ ಯಾರಿಗೂ ಬೇಡ. ಈ ಪರೀಕ್ಷೆಯಲ್ಲಿ ಯಂತ್ರದ ಕೆಲಸ ಕೆಲವೇ ನಿಮಿಷದ್ದು. ಫಲಿತಾಂಶ ಚೆನ್ನಾಗಿ ಬರುವುದೋ ಇಲ್ಲವೋ ಎಂಬುದು ಹಿಂದಿನ ದಿನ ಮನೆಯಲ್ಲಿ ನೀವು ಏನು ತಿಂದಿರಿ, ಏನು ಕುಡಿದಿರಿ ಎಂಬುದರ ಮೇಲೆ ನಿಂತಿದೆ.

ಇದು ಯಾವ ಪರೀಕ್ಷೆ?

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಅದರ ಒಳಗೋಡೆಯಲ್ಲಿ ಕೆಲವರಿಗೆ ಸಣ್ಣ ಸಣ್ಣ ಗಂಟುಗಳು ಬೆಳೆಯುತ್ತವೆ. ಇವನ್ನು ಪಾಲಿಪ್ ಎನ್ನುತ್ತಾರೆ. ಹೆಚ್ಚಿನವು ನಿರುಪದ್ರವಿ. ಕೆಲವು ಮಾತ್ರ ನಿಧಾನವಾಗಿ ದೊಡ್ಡದಾಗಿ, ಸಾಮಾನ್ಯವಾಗಿ ಹತ್ತು ವರ್ಷವೋ ಅದಕ್ಕೂ ಹೆಚ್ಚೋ ಕಳೆದ ಮೇಲೆ, ಕ್ಯಾನ್ಸರ್ ಆಗುತ್ತವೆ. ಈ ನಿಧಾನವೇ ನಮಗೆ ಸಿಗುವ ಅವಕಾಶ. ಗಂಟು ಗಂಟಾಗಿರುವಾಗಲೇ ಕಂಡು ತೆಗೆದುಹಾಕಿದರೆ ಅದು ಕ್ಯಾನ್ಸರ್ ಆಗುವ ಮಾತೇ ಇಲ್ಲ.

ಸಾಮಾನ್ಯ ಕೊಲೊನೋಸ್ಕೋಪಿಯಲ್ಲಿ ತುದಿಗೆ ಕ್ಯಾಮೆರಾ ಇರುವ ಉದ್ದನೆಯ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು, ಕರುಳಿನ ಮೊದಲ ಭಾಗದವರೆಗೂ ಸಾಗಿಸಿ ನೋಡುತ್ತಾರೆ. ಸಿ.ಟಿ. ಕೊಲೊನೋಗ್ರಫಿಯಲ್ಲಿ ಆ ಉದ್ದನೆಯ ಕೊಳವೆ ಇಲ್ಲ. ಕರುಳಿಗೆ ಗಾಳಿ ತುಂಬಿ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ತೆಗೆಯುತ್ತಾರೆ. ಕಂಪ್ಯೂಟರ್ ಆ ಚಿತ್ರಗಳನ್ನು ಜೋಡಿಸಿ ಕರುಳಿನ ಒಳಗನ್ನು ಮೂರು ಆಯಾಮದಲ್ಲಿ ತೋರಿಸುತ್ತದೆ. ರೇಡಿಯಾಲಜಿ ತಜ್ಞರು ಪರದೆಯ ಮೇಲೆ ಆ ದಾರಿಯುದ್ದಕ್ಕೂ ಸಾಗುತ್ತಾ ಗೋಡೆಯನ್ನು ಪರೀಕ್ಷಿಸುತ್ತಾರೆ. ಅಮೆರಿಕದ ವೈದ್ಯ ಡೇವಿಡ್ ವೈನಿಂಗ್ 1994ರಲ್ಲಿ ಈ ವಿಧಾನವನ್ನು ಮೊದಲು ತೋರಿಸಿಕೊಟ್ಟರು. 2010ರಲ್ಲಿ ಅಂದಿನ ಅಮೆರಿಕ ಅಧ್ಯಕ್ಷ ಬರಾಕ್ ಒಬಾಮ ತಮ್ಮ ಆರೋಗ್ಯ ತಪಾಸಣೆಯಲ್ಲಿ ಇದನ್ನೇ ಮಾಡಿಸಿಕೊಂಡರು.

ಇದನ್ನು ಎಷ್ಟು ನಂಬಬಹುದು? ಅಮೆರಿಕದ 15 ಕೇಂದ್ರಗಳಲ್ಲಿ 2,531 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಗಂಟು ಇದ್ದವರಲ್ಲಿ ನೂರಕ್ಕೆ 90 ಜನರನ್ನು ಈ ಪರೀಕ್ಷೆ ಗುರುತಿಸಿತು. 6 ಮಿ.ಮೀ.ನಿಂದ ಮೇಲಿನ ಎಲ್ಲ ಗಂಟುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಸಂಖ್ಯೆ 78ಕ್ಕೆ ಇಳಿಯಿತು. ದೊಡ್ಡ ಗಂಟು ತಪ್ಪಿಸಿಕೊಳ್ಳುವುದು ಕಡಿಮೆ, ಸಣ್ಣದು ತಪ್ಪಬಹುದು, ಗೋಡೆಗೆ ಅಂಟಿಕೊಂಡು ಚಪ್ಪಟೆಯಾಗಿರುವುದನ್ನು ಗುರುತಿಸುವುದು ಇನ್ನೂ ಕಷ್ಟ.

ಯಾರಿಗೆ ಸರಿ, ಯಾರಿಗೆ ಬೇಡ

ಮಲದಲ್ಲಿ ರಕ್ತ ಹೋಗುತ್ತಿದೆಯೇ? ಕಾರಣ ತಿಳಿಯದೆ ತೂಕ ಇಳಿಯುತ್ತಿದೆಯೇ? ವಾರಗಟ್ಟಲೆ ಮಲಬದ್ಧತೆಯೂ ಭೇದಿಯೂ ಒಂದಾದ ಮೇಲೊಂದು ಬರುತ್ತಿವೆಯೇ? ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಬಂದಿದೆಯೇ? ಹಾಗಿದ್ದರೆ ಸಾಮಾನ್ಯವಾಗಿ ನೇರವಾಗಿ ಕೊಲೊನೋಸ್ಕೋಪಿಯೇ ಮೊದಲ ಆಯ್ಕೆ. ಅದರಲ್ಲಿ ಗಂಟು ಕಂಡರೆ ಆಗಲೇ ತೆಗೆಯಬಹುದು, ಅನುಮಾನವಿದ್ದಲ್ಲಿ ಚೂರು ತೆಗೆದು ಬಯಾಪ್ಸಿಗೆ ಕಳಿಸಬಹುದು. ಸಿ.ಟಿ. ನೋಡುತ್ತದೆ, ತೆಗೆಯುವುದಿಲ್ಲ. ರಕ್ತ ಕಂಡಾಗಲೆಲ್ಲ ‘ಮೂಲವ್ಯಾಧಿ ಇರಬೇಕು’ ಎಂದು ನಾವೇ ತೀರ್ಮಾನಿಸಿಕೊಳ್ಳುವುದು ಬಹಳ ಅಪಾಯ. ಮೂಲವ್ಯಾಧಿಯೇ ಇದ್ದರೂ ಮೇಲೆ ಇನ್ನೇನೂ ಇಲ್ಲ ಎಂದು ಖಚಿತವಾಗಬೇಕು.

ವರ್ಚುವಲ್ ಕೊಲೊನೋಸ್ಕೋಪಿ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥವರಿಗೆ:

• ಕೊಲೊನೋಸ್ಕೋಪಿ ಮಾಡಿದರೂ ಕರುಳಿನ ತಿರುವಿನಿಂದಲೋ ಅಡ್ಡಿಯಿಂದಲೋ ಕೊಳವೆ ಕೊನೆಯವರೆಗೆ ಹೋಗದವರು
• ಹೃದಯ ಅಥವಾ ಶ್ವಾಸಕೋಶದ ತೊಂದರೆಯಿಂದ ಮಂಪರು ಮದ್ದು ಕೊಡುವುದು ಕಷ್ಟವಾಗಿರುವ ಹಿರಿಯರು
• ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸುವುದು ಅಪಾಯ ಎನ್ನುವಂಥ ಸ್ಥಿತಿಯಲ್ಲಿರುವವರು
• ಲಕ್ಷಣವೇನೂ ಇಲ್ಲದೆ ಮುಂಜಾಗ್ರತೆಗಾಗಿ ನೋಡಿಸಿಕೊಳ್ಳಬೇಕು, ಆದರೆ ಕೊಲೊನೋಸ್ಕೋಪಿ ಸುತರಾಂ ಬೇಡ ಎನ್ನುವವರು

ಗರ್ಭಿಣಿಯರಿಗೆ ಈ ಪರೀಕ್ಷೆ ಸಲ್ಲದು. ಕರುಳಿನಲ್ಲಿ ಉರಿಯೂತ ಉಲ್ಬಣಿಸಿರುವಾಗ, ಕರುಳು ಕಟ್ಟಿಕೊಂಡಿರುವಾಗ, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆಗಿದ್ದಾಗ, ಈಚೆಗಷ್ಟೇ ಗಂಟು ತೆಗೆಸಿಕೊಂಡಿದ್ದಾಗ ಮತ್ತು ಕರುಳು ಸಿಕ್ಕಿಕೊಂಡು ನೋಯುವ ಹರ್ನಿಯಾ ಇದ್ದಾಗಲೂ ಮಾಡುವುದಿಲ್ಲ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಅಂಥವರಿಗೆ 40ನೇ ವಯಸ್ಸಿನಿಂದ, ಅಥವಾ ಆ ಸಂಬಂಧಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲಿನಿಂದ, ಕೊಲೊನೋಸ್ಕೋಪಿಯನ್ನೇ ಸಲಹೆ ಮಾಡುತ್ತಾರೆ.

ನಮ್ಮ ದೇಶದ ಸರಕಾರಿ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿಗೆ ಸೀಮಿತ. ಕರುಳಿನ ಕ್ಯಾನ್ಸರಿಗೆ ಮನೆಬಾಗಿಲಿಗೆ ಬಂದು ಕರೆಯುವವರು ಯಾರೂ ಇಲ್ಲ. ಅಮೆರಿಕದಲ್ಲಿ 2021ರಿಂದ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದ್ದಾರೆ. ಇಲ್ಲಿ ಆ ವಯಸ್ಸು ದಾಟಿದವರು ತಾವಾಗಿ ಕೇಳಿ ತಿಳಿದುಕೊಳ್ಳಬೇಕು.

ಫೋನು ಮಾಡಿ, ಆಮೇಲೆ ಹೊರಡಿ

ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಎಂಟು ವೈದ್ಯಕೀಯ ಕಾಲೇಜುಗಳಿವೆ. ಅಂಬೇಡ್ಕರ್ ಸರ್ಕಲ್ ಮತ್ತು ಅತ್ತಾವರದ ಕೆ.ಎಂ.ಸಿ., ಕಂಕನಾಡಿಯ ಫಾದರ್ ಮುಲ್ಲರ್, ಕುಂಟಿಕಾನದ ಎ.ಜೆ., ದೇರಳಕಟ್ಟೆಯ ಯೆನೆಪೋಯ ಮತ್ತು ಕೆ.ಎಸ್. ಹೆಗ್ಡೆ ಆಸ್ಪತ್ರೆಗಳು, ಹಂಪನಕಟ್ಟೆಯಲ್ಲಿ 1848ರಿಂದ ನಡೆದುಬಂದಿರುವ ಸರಕಾರಿ ವೆನ್ಲಾಕ್ ಆಸ್ಪತ್ರೆ, ಹೀಗೆ ದೊಡ್ಡ ಆಸ್ಪತ್ರೆಗಳಿಗೆ ಇಲ್ಲಿ ಕೊರತೆಯಿಲ್ಲ. ಆದರೆ ಸಿ.ಟಿ. ಯಂತ್ರ ಇದ್ದಲ್ಲೆಲ್ಲ ಈ ಪರೀಕ್ಷೆ ಮಾಡುತ್ತಾರೆ ಎಂದೇನಿಲ್ಲ. ಇದಕ್ಕೆ ಬೇರೆಯೇ ಸಾಫ್ಟ್‌ವೇರ್ ಬೇಕು, ಈ ಚಿತ್ರಗಳನ್ನು ಓದಿ ಪಳಗಿದ ತಜ್ಞರು ಬೇಕು. ಹಾಗಾಗಿ ರೇಡಿಯಾಲಜಿ ವಿಭಾಗಕ್ಕೆ ಫೋನು ಮಾಡಿ ಇಷ್ಟನ್ನು ಕೇಳಿ:

• ಸಿ.ಟಿ. ಕೊಲೊನೋಗ್ರಫಿ ನೀವು ಮಾಡುತ್ತೀರಾ? ಎಷ್ಟು ದಿನಕ್ಕೊಮ್ಮೆ ಮಾಡುತ್ತೀರಿ?
• ಗಾಳಿ ತುಂಬಲು ಕಾರ್ಬನ್ ಡೈಆಕ್ಸೈಡ್ ಪಂಪ್ ಇದೆಯೇ, ಕೈಯಲ್ಲಿ ಒತ್ತುವ ಬಲ್ಬೇ?
• ಭೇದಿ ಪುಡಿ, ಕುಡಿಯುವ ಕಾಂಟ್ರಾಸ್ಟ್ ಮದ್ದು ನೀವೇ ಕೊಡುತ್ತೀರಾ, ಹೊರಗೆ ಕೊಳ್ಳಬೇಕೇ?
• ಗಂಟು ಕಂಡರೆ ಅದೇ ದಿನ ಕೊಲೊನೋಸ್ಕೋಪಿ ಮಾಡಿಸಲು ಸಾಧ್ಯವೇ?
• ಎಲ್ಲ ಸೇರಿ ಖರ್ಚೆಷ್ಟು? ರಿಪೋರ್ಟ್ ಯಾವಾಗ ಸಿಗುತ್ತದೆ?

ಅದೇ ದಿನದ ಕೊಲೊನೋಸ್ಕೋಪಿಯ ಪ್ರಶ್ನೆಯನ್ನು ಮರೆಯಬೇಡಿ. ಆ ವ್ಯವಸ್ಥೆ ಇದ್ದರೆ ಎರಡನೇ ಸಲ ಹೊಟ್ಟೆ ಖಾಲಿ ಮಾಡಿಕೊಳ್ಳುವ ಪಾಡು ತಪ್ಪುತ್ತದೆ.

ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಹೊರರೋಗಿಯಾಗಿ ಮಾಡಿಸುವ ಸ್ಕ್ಯಾನ್ ಅದರೊಳಗೆ ಬರುತ್ತದೆ ಎಂದುಕೊಂಡು ಹೋಗಬೇಡಿ. ಆಸ್ಪತ್ರೆಯ ಆರೋಗ್ಯಮಿತ್ರರ ಕೌಂಟರಿನಲ್ಲಿ ಚೀಟಿ ತೋರಿಸಿ ಮೊದಲೇ ವಿಚಾರಿಸಿ. ಖಾಸಗಿ ವಿಮೆ ಇದ್ದವರೂ ಕಂಪನಿಯನ್ನು ಮುಂಚಿತವಾಗಿ ಕೇಳುವುದು ಒಳ್ಳೆಯದು.

ಒಂದು ವಾರ ಮೊದಲು

ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಾಮಾನ್ಯವಾಗಿ ಒಂದು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ. ಅದು ಮಲವನ್ನು ಕಪ್ಪಾಗಿ, ಅಂಟಂಟಾಗಿ ಮಾಡುತ್ತದೆ. ಮಧುಮೇಹದ ಮಾತ್ರೆ, ಇನ್ಸುಲಿನ್, ಬಿ.ಪಿ. ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಇವೆಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಊಟವಿಲ್ಲದ ದಿನ ಎಂದಿನಷ್ಟೇ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅಂಶ ಕುಸಿದು ತಲೆ ತಿರುಗಬಹುದು. ಎಷ್ಟು ಕಡಿಮೆ ಮಾಡಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ, ಮಧುಮೇಹಿಗಳಿಗೆ ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆಯಿರಿ.

ಮೂತ್ರಪಿಂಡದ ತೊಂದರೆ, ಹೃದಯದ ತೊಂದರೆ ಇದ್ದವರು ಅದನ್ನು ಮುಚ್ಚಿಡಬಾರದು. ಭೇದಿ ಔಷಧಗಳಲ್ಲಿ ಬಗೆಗಳಿವೆ. ಸೋಡಿಯಂ ಫಾಸ್ಫೇಟ್ ಇರುವಂಥದ್ದು ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಅಂಥವರಿಗೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಹೆಚ್ಚು ಸುರಕ್ಷಿತ. ಅಯೋಡಿನ್ ಕಾಂಟ್ರಾಸ್ಟಿನಿಂದ ಹಿಂದೆ ಅಲರ್ಜಿಯಾಗಿದ್ದರೆ ಅದನ್ನೂ ಹೇಳಿ.

ಹಿಂದಿನ ದಿನದ ಊಟ

ಕರುಳಿನಲ್ಲಿ ಉಳಿದ ಮಲದ ತುಣುಕು ಚಿತ್ರದಲ್ಲಿ ಗಂಟಿನಂತೆಯೇ ಕಾಣಬಹುದು, ಅಥವಾ ನಿಜವಾದ ಗಂಟನ್ನು ಮುಚ್ಚಿಬಿಡಬಹುದು. ಆದ್ದರಿಂದಲೇ ಒಂದೆರಡು ದಿನ ನಾರಿಲ್ಲದ ಊಟ, ಆಮೇಲೆ ಬರೀ ದ್ರವ ಎಂಬ ನಿಯಮ. ಆಸ್ಪತ್ರೆಯವರು ಕೊಡುವ ಪಟ್ಟಿಯಲ್ಲಿ ಹೆಚ್ಚಾಗಿ ಬ್ರೆಡ್ಡು, ಸೂಪಿನ ಹೆಸರಿರುತ್ತದೆ. ನಮ್ಮ ಕರಾವಳಿಯ ಅಡುಗೆಗೆ ಅದನ್ನು ಹೊಂದಿಸಿಕೊಂಡರೆ ಹೀಗಾಗುತ್ತದೆ.

ಕುಚ್ಚಲಕ್ಕಿಯನ್ನು ಬಿಟ್ಟು ಬೆಳ್ತಿಗೆ ಅಕ್ಕಿಯ ಅನ್ನ ಅಥವಾ ಗಂಜಿ ಮಾಡಿ. ತೆಂಗಿನತುರಿ ಹಾಕದ ನೀರುದೋಸೆ, ಇಡ್ಲಿ, ಸೋಸಿದ ಮಜ್ಜಿಗೆ, ಮೊಟ್ಟೆ, ಮುಳ್ಳು ತೆಗೆದು ಸುಮ್ಮನೆ ಬೇಯಿಸಿದ ಮೀನು ಆಗಬಹುದು. ತೆಂಗಿನಕಾಯಿ ಅರೆದ ಗಸಿ, ಚಟ್ನಿ ಬೇಡ. ತೆಂಗಿನ ನಾರು ಕರುಳಿನಲ್ಲಿ ಉಳಿಯುತ್ತದೆ. ಬಸಳೆ, ಹರಿವೆ, ನುಗ್ಗೆಸೊಪ್ಪು, ಅಲಸಂಡೆ, ತೊಂಡೆಕಾಯಿ, ಹಲಸಿನ ಗುಜ್ಜೆ, ಪತ್ರೊಡೆ, ಹೆಸರುಕಾಳು, ಕಡಲೆ, ರಾಗಿ ಯಾವುದೂ ಬೇಡ. ಟೊಮೆಟೊ, ಸೌತೆಕಾಯಿ, ಮೆಣಸಿನಕಾಯಿಯ ಬೀಜವೂ ಹೊಟ್ಟೆಗೆ ಹೋಗದಂತೆ ನೋಡಿಕೊಳ್ಳಿ.

ಪರೀಕ್ಷೆಯ ಹಿಂದಿನ ದಿನ, ಆಸ್ಪತ್ರೆಯವರು ಹೇಳಿದ ಹೊತ್ತಿನಿಂದ, ಬರೀ ತಿಳಿ ದ್ರವ. ಸೋಸಿದ ಲಿಂಬೆ ಶರಬತ್ತು, ಬೊಂಡದ ನೀರು, ಹಾಲಿಲ್ಲದ ಚಹಾ, ಮೇಲಿನ ತಿಳಿಸಾರು, ಓ.ಆರ್.ಎಸ್. ಚೆನ್ನಾಗಿ ಕುಡಿಯಿರಿ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ಬೊಂಡದ ನೀರು ಬೇಡ. ಅದರಲ್ಲಿ ಪೊಟಾಶಿಯಂ ಹೆಚ್ಚು. ಪುನರ್ಪುಳಿ ಶರಬತ್ತನ್ನು ಆ ದಿನ ದೂರವಿಡಿ. ಸಿ.ಟಿ. ಚಿತ್ರಕ್ಕೆ ಅದರ ಬಣ್ಣದಿಂದ ತೊಂದರೆಯಿಲ್ಲ, ಆದರೆ ಅದೇ ದಿನ ಕೊಲೊನೋಸ್ಕೋಪಿ ಮಾಡಬೇಕಾಗಿ ಬಂದರೆ ಕೆಂಪು ಬಣ್ಣ ರಕ್ತದಂತೆ ಕಂಡು ಗೊಂದಲವಾಗುತ್ತದೆ.

ಭೇದಿ ಪುಡಿ ಮತ್ತು ಕಾಂಟ್ರಾಸ್ಟ್

ಹೆಚ್ಚಾಗಿ ಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಅದನ್ನು 2 ಲೀಟರ್ ನೀರಿಗೆ ಕಲಸಿ, ಹತ್ತು–ಹದಿನೈದು ನಿಮಿಷಕ್ಕೊಂದು ಲೋಟದಂತೆ ಸುಮಾರು ಎರಡು ಗಂಟೆಯಲ್ಲಿ ಮುಗಿಸಬೇಕು. ರುಚಿ ಉಪ್ಪುಪ್ಪು, ಅರ್ಧ ಕುಡಿಯುವಾಗ ಸಾಕಪ್ಪ ಅನ್ನಿಸುವುದು ಸಹಜ. ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿಟ್ಟುಕೊಂಡರೆ ಕುಡಿಯುವುದು ಹಗುರ. ಲೋಟದ ಮಧ್ಯೆ ಲಿಂಬೆ ಹೋಳು ಚೀಪಬಹುದು. ವಾಂತಿ ಬಂದಂತಾದರೆ ಅರ್ಧ ಗಂಟೆ ಬಿಟ್ಟು ನಿಧಾನವಾಗಿ ಮುಂದುವರಿಸಿ. ಕೊನೆಯ ಲೋಟವನ್ನು ಚೆಲ್ಲಬೇಡಿ. ಒಂದೆರಡು ಗಂಟೆಯೊಳಗೆ ಭೇದಿ ಶುರುವಾಗುತ್ತದೆ, ಹಲವು ಸಲ ಆಗುತ್ತದೆ. ಕೊನೆಗೆ ತಿಳಿ ಹಳದಿ ನೀರಿನಂತೆ ಹೋದರೆ ಕರುಳು ಸ್ವಚ್ಛವಾಗಿದೆ ಎಂದರ್ಥ.

ಇದರ ಜೊತೆಗೆ ಬೇರಿಯಂ ಅಥವಾ ಅಯೋಡಿನ್ ಇರುವ ಕಾಂಟ್ರಾಸ್ಟ್ ಮದ್ದನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಲು ಕೊಡುತ್ತಾರೆ. ಎಷ್ಟೇ ಶುಚಿ ಮಾಡಿದರೂ ಕರುಳಿನಲ್ಲಿ ಒಂದಿಷ್ಟು ನೀರು, ಮಲದ ಚೂರು ಉಳಿಯುತ್ತದೆ. ಈ ಮದ್ದು ಅದರೊಳಗೆ ಬೆರೆತು ಚಿತ್ರದಲ್ಲಿ ಅದನ್ನು ಬೆಳ್ಳಗೆ ತೋರಿಸುತ್ತದೆ. ಗಂಟು ಮಾತ್ರ ಬೂದುಬಣ್ಣದಲ್ಲೇ ಉಳಿಯುತ್ತದೆ. ಈ ಮದ್ದನ್ನು ತಪ್ಪಿಸಿದರೆ ಎರಡರ ನಡುವಿನ ಗುರುತೇ ಹೋದಂತೆ. ಹೇಳಿದ ಹೊತ್ತಿಗೆ, ಹೇಳಿದಷ್ಟೇ ಕುಡಿಯಿರಿ.

ದೂರದೂರಿನವರಿಗೆ ಒಂದು ಮುಖ್ಯ ಮಾತು. ಭೇದಿ ಪುಡಿ ಕುಡಿದು ಚಾರ್ಮಾಡಿಯಿಂದಲೋ ಸುಳ್ಯದಿಂದಲೋ ಬಸ್ಸು ಹತ್ತುವ ಸಾಹಸ ಬೇಡ. ಸಾಧ್ಯವಾದರೆ ಹಿಂದಿನ ದಿನವೇ ನಗರಕ್ಕೆ ಬಂದು ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿದು, ಶೌಚಾಲಯ ಕೋಣೆಗೇ ಹೊಂದಿಕೊಂಡಿರುವ ಕಡೆ ಪುಡಿ ಕುಡಿಯಿರಿ. ಒಂಟಿಯಾಗಿರುವ ಹಿರಿಯರ ಜೊತೆ ಆ ರಾತ್ರಿ ಯಾರಾದರೂ ಇರಲಿ. ನಡುರಾತ್ರಿ ಮತ್ತೆ ಮತ್ತೆ ಎದ್ದು ಓಡುವಾಗ ಜಾರಿ ಬೀಳುವ ಭಯವಿರುತ್ತದೆ. ನಮ್ಮ ಊರಿನ ಸೆಕೆಯಲ್ಲಿ ಬೆವರಿನಿಂದಲೂ ನೀರು ಹೋಗುತ್ತದೆ. ತಲೆ ತಿರುಗಿದರೆ, ಮೂತ್ರ ಕಡಿಮೆಯಾದರೆ ಓ.ಆರ್.ಎಸ್. ಕುಡಿದು ಆಸ್ಪತ್ರೆಗೆ ಫೋನು ಮಾಡಿ.

ಸಿ.ಟಿ. ಕೋಣೆಯಲ್ಲಿ

ಬಟ್ಟೆ ಬದಲಿಸಿ ಗೌನು ಹಾಕಿಕೊಳ್ಳಲು ಹೇಳುತ್ತಾರೆ. ಸರ, ಉಡಿದಾರ, ಸೊಂಟದ ಬೆಲ್ಟು ತೆಗೆದಿಡಬೇಕು. ಸಿ.ಟಿ. ಯಂತ್ರ ಎರಡೂ ಕಡೆ ತೆರೆದ ಅಗಲವಾದ ಬಳೆಯಾಕಾರದ್ದು, ಎಂ.ಆರ್.ಐ. ಯಂತ್ರದಂತೆ ಸುರಂಗದೊಳಗೆ ಹೋದ ಹಾಗೆ ಆಗುವುದಿಲ್ಲ.

ಎಲ್ಲರೂ ಹೆದರುವ ಘಟ್ಟ ಇನ್ನು ಬರುವುದು. ‘ಎಡಮಗ್ಗುಲಾಗಿ ಮಲಗಿ ಅಮ್ಮಾ, ಮೊಣಕಾಲು ಸ್ವಲ್ಪ ಮಡಚಿ’ ಎನ್ನುತ್ತಾರೆ. ಬೆರಳಿನಷ್ಟು ದಪ್ಪದ, ಜೆಲ್ ಹಚ್ಚಿದ ಮೆತ್ತಗಿನ ರಬ್ಬರ್ ಕೊಳವೆಯನ್ನು ಗುದದ್ವಾರದಿಂದ ಕೆಲವೇ ಸೆಂಟಿಮೀಟರ್ ಒಳಗಿಡುತ್ತಾರೆ. ಅದು ಜಾರದಂತೆ ತುದಿಯಲ್ಲಿ ಪುಟ್ಟ ಬಲೂನು ಇರಬಹುದು. ಮೈಮೇಲೆ ಬೆಡ್‌ಶೀಟ್ ಹೊದಿಸಿರುತ್ತಾರೆ. ಮಹಿಳೆಯರು ‘ಮಹಿಳಾ ಸಿಬ್ಬಂದಿಯೇ ಇರಲಿ’ ಎಂದು ಮೊದಲೇ ಕೇಳಿಕೊಳ್ಳಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಆಮೇಲೆ ಗಾಳಿ ತುಂಬುತ್ತಾರೆ. ಕರುಳು ಸಹಜವಾಗಿ ಗಾಳಿ ಇಳಿದ ಸೈಕಲ್ ಟ್ಯೂಬಿನಂತೆ ಮುದುಡಿಕೊಂಡಿರುತ್ತದೆ. ಉಬ್ಬಿದರೆ ಮಾತ್ರ ಒಳಗೋಡೆಯ ಮಡಿಕೆ ಬಿಚ್ಚಿಕೊಂಡು ಗಂಟು ಕಣ್ಣಿಗೆ ಬೀಳುತ್ತದೆ. ಹೊಟ್ಟೆ ಬಿಗಿಯುತ್ತದೆ, ಹೂಸು ಬಿಡಬೇಕು ಅನ್ನಿಸುತ್ತದೆ, ಒಂದಿಷ್ಟು ನುಲಿತ ಇರುತ್ತದೆ. ಆ ಹೊತ್ತು ಗಾಳಿಯನ್ನು ಹಿಡಿದುಕೊಳ್ಳಬೇಕು. ಕಾರ್ಬನ್ ಡೈಆಕ್ಸೈಡನ್ನು ದೇಹ ಬೇಗ ಹೀರಿಕೊಳ್ಳುವುದರಿಂದ ಉಬ್ಬರ ಬೇಗ ಇಳಿಯುತ್ತದೆ. ಬರೀ ಗಾಳಿಯಾದರೆ ಸ್ವಲ್ಪ ಹೊತ್ತು ಹೆಚ್ಚು. ನೋವು ತಡೆಯಲಾಗದಿದ್ದರೆ ಸುಮ್ಮನಿರಬೇಡಿ, ಕೂಡಲೇ ಹೇಳಿ. ಕೆಲವೆಡೆ ಕರುಳು ಸಡಿಲವಾಗಲು ಒಂದು ಇಂಜೆಕ್ಷನ್ ಕೊಡುತ್ತಾರೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ, ಹೃದಯದ ತೊಂದರೆ ಇದ್ದರೆ ಆ ಇಂಜೆಕ್ಷನ್‌ಗೆ ಮೊದಲು ತಿಳಿಸಬೇಕು.

ಸ್ಕ್ಯಾನ್ ಎರಡು ಸಲ. ಮೊದಲು ಅಂಗಾತ, ಬಳಿಕ ಬೋರಲಾಗಿ. ಬೋರಲು ಮಲಗಲು ಆಗದವರಿಗೆ ಮಗ್ಗುಲಾಗಿ ತೆಗೆಯುತ್ತಾರೆ. ಮೈ ತಿರುಗಿಸಿದಾಗ ಉಳಿದ ನೀರು, ಮಲದ ಚೂರು ಜಾಗ ಬದಲಿಸುತ್ತವೆ. ಗೋಡೆಗೆ ಅಂಟಿದ ಗಂಟು ಅಲ್ಲೇ ನಿಲ್ಲುತ್ತದೆ. ನೀರಿನಡಿ ಅಡಗಿದ್ದ ಭಾಗವೂ ಬಯಲಿಗೆ ಬರುತ್ತದೆ. ಪ್ರತಿ ಸಲವೂ ಹತ್ತು–ಹದಿನೈದು ಸೆಕೆಂಡು ಉಸಿರು ಬಿಗಿಹಿಡಿಯಬೇಕು. ಕೆಲವು ಯಂತ್ರಗಳಲ್ಲಿ ಈ ಸೂಚನೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮೊಳಗುತ್ತದೆ. ಅರ್ಥವಾಗದಿದ್ದರೆ ಟೆಕ್ನಿಷಿಯನ್ ಹತ್ತಿರ ಮೊದಲೇ ಕನ್ನಡದಲ್ಲೋ ತುಳುವಿನಲ್ಲೋ ಹೇಳಿಸಿಕೊಂಡು ಒಮ್ಮೆ ಅಭ್ಯಾಸ ಮಾಡಿ. ಉಸಿರು ಅಲುಗಿದರೆ ಚಿತ್ರವೂ ಅಲುಗುತ್ತದೆ.

ಎಲ್ಲ ಸೇರಿ ಹದಿನೈದು–ಇಪ್ಪತ್ತು ನಿಮಿಷ. ಮಂಪರು ಇಲ್ಲ, ಅಡ್ಮಿಟ್ ಆಗಬೇಕಿಲ್ಲ. ಕೊಳವೆ ತೆಗೆದ ಕೂಡಲೇ ಶೌಚಾಲಯಕ್ಕೆ ಹೋಗಿ ಗಾಳಿ ಬಿಡಿ. ತಡೆದುಕೊಂಡರೆ ನೋವು ಹೆಚ್ಚು. ಆಮೇಲೆ ಊಟ ಮಾಡಬಹುದು, ಕೆಲಸಕ್ಕೂ ಹೋಗಬಹುದು. ಸಡಿಲಗೊಳಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಕಣ್ಣು ಮಂಜಾಗಬಹುದು. ಅದು ತಿಳಿಯಾಗುವವರೆಗೆ ಗಾಡಿ ಓಡಿಸಬೇಡಿ.

ಕರುಳು ತೂತಾಗುವ ಅಪಾಯ ಬಹಳ ವಿರಳ, ಕೊಲೊನೋಸ್ಕೋಪಿಗಿಂತಲೂ ಕಡಿಮೆ. ಹಾಗಿದ್ದರೂ ಮನೆಗೆ ಹೋದ ಮೇಲೆ ಹೊಟ್ಟೆನೋವು ಇಳಿಯದೆ ಏರುತ್ತಾ ಹೋದರೆ, ಜ್ವರ ಬಂದರೆ, ವಾಂತಿಯಾದರೆ, ರಕ್ತ ಹೋದರೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಬನ್ನಿ. ವಿಕಿರಣದ ಬಗ್ಗೆ ಕೇಳುವವರಿಗೆ: ಕಡಿಮೆ ಡೋಸಿನಲ್ಲಿ ಮಾಡಿದರೆ ಸುಮಾರು 5 ಮಿಲಿಸೀವರ್ಟ್, ಅಂದರೆ ಮಣ್ಣು, ಕಲ್ಲು, ಆಕಾಶದಿಂದ ನಮಗೆ ಸುಮಾರು ಎರಡು ವರ್ಷದಲ್ಲಿ ತಾನಾಗಿಯೇ ತಗಲುವಷ್ಟು. ಅಗತ್ಯವಿದ್ದು ಮಾಡಿಸಿದರೆ ಹೆದರಬೇಕಿಲ್ಲ, ಅಗತ್ಯವಿಲ್ಲದೆ ಪದೇ ಪದೇ ಮಾಡಿಸಲೂಬಾರದು.

ರಿಪೋರ್ಟ್ ಓದುವುದು ಹೇಗೆ?

ನೂರಾರು ಚಿತ್ರಗಳನ್ನು ತಜ್ಞರು ನೋಡಬೇಕಾದ್ದರಿಂದ ರಿಪೋರ್ಟ್ ಮರುದಿನ ಸಿಗಬಹುದು. ಅನೇಕ ಕಡೆ ಅದರಲ್ಲಿ ‘ಸಿ’ ಅಕ್ಷರದ ಮುಂದೆ ಒಂದು ಅಂಕಿ ಇರುತ್ತದೆ.

• ಸಿ0: ಕರುಳು ಸರಿಯಾಗಿ ಶುಚಿಯಾಗಿಲ್ಲ ಅಥವಾ ಉಬ್ಬಿಲ್ಲ, ತೀರ್ಮಾನ ಸಾಧ್ಯವಿಲ್ಲ
• ಸಿ1: 6 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಗಂಟಿಲ್ಲ. ಮುಂದಿನ ತಪಾಸಣೆ ಸಾಮಾನ್ಯವಾಗಿ 5 ವರ್ಷದ ಬಳಿಕ
• ಸಿ2: 6ರಿಂದ 9 ಮಿ.ಮೀ.ನ ಒಂದೆರಡು ಗಂಟು. ಕೊಲೊನೋಸ್ಕೋಪಿ, ಇಲ್ಲವೇ ಮೂರು ವರ್ಷದೊಳಗೆ ಮತ್ತೆ ಪರೀಕ್ಷೆ
• ಸಿ3: 10 ಮಿ.ಮೀ. ಅಥವಾ ಹೆಚ್ಚಿನ ಗಂಟು, ಇಲ್ಲವೇ 6ರಿಂದ 9 ಮಿ.ಮೀ.ನವು ಮೂರು ಅಥವಾ ಹೆಚ್ಚು. ಕೊಲೊನೋಸ್ಕೋಪಿ ಬೇಕು
• ಸಿ4: ಗಡ್ಡೆ ಕಂಡಿದೆ; ತಡಮಾಡದೆ ತಜ್ಞರನ್ನು ಕಾಣಬೇಕು

ಸಿ3 ಎಂದು ಬಂದರೆ ಕ್ಯಾನ್ಸರ್ ಎಂದರ್ಥವಲ್ಲ. ಆ ಗಂಟನ್ನು ತೆಗೆದು ಲ್ಯಾಬಿನಲ್ಲಿ ನೋಡಿದ ಮೇಲೆಯೇ ಅದು ಏನೆಂದು ತಿಳಿಯುವುದು.

ಸ್ಕ್ಯಾನ್ ಇಡೀ ಹೊಟ್ಟೆಯನ್ನು ತೋರಿಸುವುದರಿಂದ ಮೂತ್ರಪಿಂಡದ ಕಲ್ಲು, ಪಿತ್ತಕೋಶದ ಕಲ್ಲು, ಮಹಾಧಮನಿಯ ಉಬ್ಬು ಮುಂತಾದವು ಕೂಡ ಕಣ್ಣಿಗೆ ಬೀಳಬಹುದು. ಅವುಗಳಿಗೆ ರಿಪೋರ್ಟಿನಲ್ಲಿ ‘ಇ’ ಅಕ್ಷರದ ಅಂಕಿ. ಕೆಲವರಿಗೆ ಇದರಿಂದ ಜೀವ ಉಳಿದೀತು. ಇನ್ನು ಕೆಲವರಿಗೆ ಏನೂ ಅಲ್ಲದ ಕಲೆಗಾಗಿ ಮತ್ತೊಂದು ಪರೀಕ್ಷೆ, ಮತ್ತೊಂದು ಖರ್ಚು. ಯಾವುದು ಈಗಲೇ ನೋಡಬೇಕಾದದ್ದು, ಯಾವುದು ಬಿಡಬಹುದಾದದ್ದು ಎಂದು ಬಿಡಿಸಿ ಕೇಳಿ. ರಿಪೋರ್ಟಿನ ಜೊತೆ ಸಿ.ಡಿ.ಯನ್ನೂ ಪಡೆದು ಜೋಪಾನ ಮಾಡಿ. ಐದು ವರ್ಷದ ಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ.

ಕೊನೆಯದಾಗಿ

ಸ್ಕ್ಯಾನಿನ ಖರ್ಚು ಭಾರ ಎನ್ನುವವರಿಗೂ ದಾರಿಯಿದೆ. ಲಕ್ಷಣವಿಲ್ಲದವರು ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ‘ಫಿಟ್’ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಬಹುದು. ಅದು ಅಗ್ಗ, ಹೊಟ್ಟೆ ಖಾಲಿ ಮಾಡಬೇಕಿಲ್ಲ. ಅದರಲ್ಲಿ ರಕ್ತ ಕಂಡರೆ ಮಾತ್ರ ಕೊಲೊನೋಸ್ಕೋಪಿ ತಪ್ಪಿಸಬಾರದು.

ಯಾವ ಪರೀಕ್ಷೆ ಎಂಬುದನ್ನು ನಿಮ್ಮ ಲಕ್ಷಣ, ವಯಸ್ಸು, ಮನೆತನದ ಕಾಯಿಲೆ ನೋಡಿ ವೈದ್ಯರು ಹೇಳುತ್ತಾರೆ. ಆ ಮಾತುಕತೆ ಶುರುವಾಗಬೇಕಾದರೆ ನೀವು ಬಾಯಿ ಬಿಡಬೇಕು. ರಕ್ತ ಕಂಡದ್ದನ್ನು ಮನೆಯವರಿಗೂ ಹೇಳದೆ ವರ್ಷ ಕಳೆದವರು ನಮ್ಮ ಸುತ್ತ ಇದ್ದಾರೆ. ನಿಮ್ಮ ಮನೆಯಲ್ಲಿ ಚೀಟಿ ಇಟ್ಟುಕೊಂಡು ಕುಳಿತ ಅಪ್ಪನೋ ಅಮ್ಮನೋ ಅತ್ತೆಯೋ ಇದ್ದರೆ, ಈ ವಾರ ಅವರ ಪರವಾಗಿ ಫೋನು ಮಾಡಿ ದಿನ ಗೊತ್ತುಮಾಡಿ, ಹಿಂದಿನ ದಿನ ಬೆಳ್ತಿಗೆ ಗಂಜಿ ಬೇಯಿಸಿಕೊಡಿ, ಆಸ್ಪತ್ರೆಗೆ ಜೊತೆಗೆ ಹೋಗಿ.